ವ್ಯಾಗನ್ನಿನ ಬಾಗಿಲಲ್ಲಿ ಅಕ್ಕ

ಸಂಜೆಯಾದರೆ ಹಿಂದೂಪುರದ ಬಸ್ ಸ್ಟ್ಯಾಂಡಿನ ಹೊರಗೆ ಗೋಬಿ ಮಂಚೂರಿಯ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ಕಾದ ಬಾಣಲೆಗೆ ವಿನೆಗರ್ ಬಿದ್ದ ಕೂಡಲೇ ಮೂಗಿಗೆ ಹುಳಿ ಹೊಡೆಯುತ್ತದೆ. ಸುತ್ತ ನಿಂತವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಸೊಪ್ಪಿನ ಚೀಲ ಹಿಡಿದುಕೊಂಡು ಆ ಗಾಡಿಗಳನ್ನು ದಾಟುವಾಗ ಈಗಲೂ ನನ್ನ ಹೆಜ್ಜೆ ಬಿರುಸಾಗುತ್ತದೆ. ಅದು ನಮ್ಮ ಮನೆಯ ಡಾರ್ಕ್ ರೂಮಿನ ವಾಸನೆ. ಫೋಟೋ ತೊಳೆಯುವ ಮೂರು ತಟ್ಟೆಗಳಲ್ಲಿ ನಡುವಿನದರಲ್ಲಿ ಇದ್ದದ್ದು ಅದೇ ಹುಳಿ ನೀರು. ಅಪ್ಪನ ಅಂಗಿಯಲ್ಲಿ ಆ ವಾಸನೆ ಇತ್ತು, ಅಕ್ಕನ ಬೆರಳುಗಳಲ್ಲಿತ್ತು, ಅಕ್ಕ ಕಟ್ಟಿದ ರಾಗಿ ಮುದ್ದೆಯಲ್ಲೂ ಇತ್ತು. ತೀರಿಕೊಂಡವರ ಬಗ್ಗೆ ಮೆತ್ತಗೆ ಬರೆಯಬೇಕು ಎನ್ನುತ್ತಾರೆ. ನಿಮ್ಮಲ್ಲೂ ಯಾರನ್ನಾದರೂ ಕಳೆದುಕೊಂಡವರಿದ್ದರೆ ನಾನು ಹೇಳುವುದು ಅರ್ಥವಾದೀತು. ಕೆಲವು ಸಾವುಗಳ ಮೇಲೆ ದುಃಖ ಕೂರುವುದಿಲ್ಲ, ಅಲ್ಲಿ ಮೊದಲೇ ಸಿಟ್ಟು ಕೂತಿರುತ್ತದೆ.

ಗೂಡ್ಸ್ ಶೆಡ್ಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ ಇತ್ತು. ಮುಂದಿನ ಕೋಣೆ ಸ್ಟುಡಿಯೋ, ನಡುವಿನದು ಡಾರ್ಕ್ ರೂಮು, ಹಿಂದಿನ ಒಂದೂವರೆ ಕೋಣೆಯಲ್ಲಿ ನಾವು ನಾಲ್ಕು ಜನ. ಅಪ್ಪನ ಹೆಸರು ಹನುಮಂತಪ್ಪ; ಊರಿಗೆಲ್ಲ ಫೋಟೋ ಹನುಮಂತಪ್ಪ. ಅಮ್ಮ, ಅಕ್ಕ ಸರೋಜ, ಅಕ್ಕನಿಗಿಂತ ಏಳು ವರ್ಷ ಚಿಕ್ಕವಳಾದ ನಾನು, ಜಯ. ಬೆಳಗಿನಿಂದ ಬೆಲ್ಲದ ಗಾಡಿಗಳು, ಹುಣಿಸೆಹಣ್ಣಿನ ಮೂಟೆಯ ಗಾಡಿಗಳು ನಮ್ಮ ಬಾಗಿಲ ಮುಂದೆ ಸಾಲಾಗಿ ಶೆಡ್ಡಿನ ಕಡೆ ಹೋಗುತ್ತಿದ್ದವು. ಬೇಸಿಗೆಯಲ್ಲಿ ಬೆಲ್ಲ ಕರಗಿ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಆ ಜಿಗುಟಿನ ಮೇಲೆ ನಡೆದರೆ ಚಪ್ಪಲಿ ಚಟ್ ಚಟ್ ಎನ್ನುತ್ತಿತ್ತು. ಎಂಜಿನ್ ಹೊಗೆಯ ಮಸಿ ಅಮ್ಮ ಒಣಹಾಕಿದ ಬಟ್ಟೆಯ ಮೇಲೆ ಕೂತು, ಬಿಳಿಯದು ಅನ್ನುವ ಬಟ್ಟೆಯೇ ನಮ್ಮ ಮನೆಯಲ್ಲಿರಲಿಲ್ಲ. ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಗಳ ಸಾಲಿದೆ. ಡಾರ್ಕ್ ರೂಮು ಇದ್ದ ಕಡೆ ಹಗಲಲ್ಲೂ ನಾಲ್ಕು ಟ್ಯೂಬ್‌ಲೈಟು ಉರಿಯುತ್ತವೆ.

ಒಂದು ರೋಲಿಗೆ ಮೂವತ್ತಾರು ಫೋಟೋ. ಮೂವತ್ತಾರೂ ಮುಗಿಯದೆ ಅಪ್ಪ ರೋಲು ಬಿಚ್ಚುತ್ತಿರಲಿಲ್ಲ. ಗಿರಾಕಿ ನಾಳೆಯೇ ಬೇಕು ಎಂದು ಕೂತರೆ, ಉಳಿದ ಎರಡೋ ಮೂರೋ ಮುಗಿಸಲು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ರೈಲ್ವೆ ಗೇಟಿಗೆ ನಡೆಯುತ್ತಿದ್ದ. ಹಾಗಾಗಿ ನಮ್ಮ ಮನೆಯ ಪ್ರತಿ ರೋಲೂ ಗೂಡ್ಸ್ ಗಾಡಿಯಲ್ಲಿ ಮುಗಿಯುತ್ತಿತ್ತು. ಮೊದಲು ಯಾರದೋ ಮನೆಯ ನಾಮಕರಣ, ಆಮೇಲೆ ಬಸ್ ಪಾಸಿನ ಮುಖಗಳು, ನಡುವೆ ಯಾವುದಾದರೂ ಹೆಣ. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿ ಫೋಟೋ ತೆಗೆಸುವುದು ಆಗ ನಮ್ಮ ಕಡೆ ರೂಢಿಯಿತ್ತು. ಕಡೆಗೆ ಒಂದು ಎಂಜಿನ್ನು, ಒಂದು ಸಾಲು ವ್ಯಾಗನ್ನು. ಆಗಿನ್ನೂ ಪುಟ್ಟ ಹಳಿಯ, ಮೀಟರ್ ಗೇಜಿನ ಕಾಲ. ಪೆನುಕೊಂಡದ ಕಡೆಯಿಂದ ಬರುವ ಗೂಡ್ಸು ಗೇಟಿನ ಹತ್ತಿರ ಏದುಸಿರು ಬಿಡುತ್ತಾ ನಿಧಾನವಾಗುತ್ತಿತ್ತು. ಅಪ್ಪ ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಹಿಡಿದು ನಿಲ್ಲುತ್ತಿದ್ದ. ಗೇಟು ಕಾಯುವ ಸಾಬರು ಅವನನ್ನು ರೇಗಿಸದ ದಿನವಿಲ್ಲ. ಏಮಪ್ಪಾ ಫೋಟೋ, ಬಂಡಿಕಿ ಪೆಳ್ಳಿಚೂಪುಲಾ ಎನ್ನುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸಲು ರೈಲಿನ ಫೋಟೋ ತೆಗೀತಿದ್ದೀಯಾ ಎಂದು. ಪ್ಯಾಸೆಂಜರ್ ಗಾಡಿಯನ್ನು ಅಪ್ಪ ಎಂದೂ ತೆಗೆಯಲಿಲ್ಲ. ಯಾಕೆ ಎಂದು ಸಾಬರು ಕೇಳಿದ್ದಕ್ಕೆ, ಅದರಲ್ಲಿ ಜನ ಇರುತ್ತಾರೆ, ತೆಗೆದರೆ ಇಳಿದು ಬಂದು ಕಾಪಿ ಕೇಳುತ್ತಾರೆ, ಗೂಡ್ಸು ಕೇಳುವುದಿಲ್ಲ ಎಂದಿದ್ದ.

ನಾನೂ ಅಕ್ಕನೂ ಅವನ ಹಿಂದೆಯೇ ಓಡುತ್ತಿದ್ದೆವು. ಅಕ್ಕ ವ್ಯಾಗನ್ನುಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದಳು, ನಾನು ಕನ್ನಡದಲ್ಲಿ. ಕಡೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದ ಗಾರ್ಡು ಹೋದ ಮೇಲೆ ಇಬ್ಬರ ಲೆಕ್ಕವೂ ಬೇರೆ ಬೇರೆ ಬಂದು, ಮನೆಯ ತನಕ ಜಗಳ. ಹಿಂದೆ ತಿರುಗುವಾಗ ಅಕ್ಕ ಒಂದೊಂದು ಸಲ ಕೇಳುತ್ತಿದ್ದಳು:

“ಒಂದು ನಂದೂ ತೆಗಿ ಅಪ್ಪಾ.”

“ನೀನು ಎಲ್ಲಿಗೆ ಹೋಯ್ತೀಯ ಕಣಮ್ಮ, ಮನೇನಾಗೇ ಇರ್ತೀಯ. ರೈಲು ಹೊಂಟೋಯ್ತದೆ.”

ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅಪ್ಪ ಆ ಮಾತನ್ನು ತಮಾಷೆಗೆ ಹೇಳಲಿಲ್ಲ, ನಂಬಿಯೇ ಹೇಳಿದ. ಅದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಎಂಟನೇ ಕ್ಲಾಸಿಗೆ ಅಕ್ಕನ ಓದು ಬಿಡಿಸಿ ಅಪ್ಪ ಅವಳನ್ನು ಡಾರ್ಕ್ ರೂಮಿಗೆ ಕೂರಿಸಿಕೊಂಡ. ಹತ್ತನೆಯ ತರಗತಿಯ ಹಾಲ್ ಟಿಕೆಟ್ಟಿಗೆ ಊರಿನ ಎಲ್ಲ ಹುಡುಗಿಯರ ಫೋಟೋ ನಮ್ಮ ಮನೆಯಲ್ಲೇ ಆಗುತ್ತಿತ್ತು, ತೊಳೆಯುತ್ತಿದ್ದವಳು ಅಕ್ಕ. ಕೆಂಪು ಬಲ್ಬಿನ ಕೆಳಗೆ ತನ್ನ ಜೊತೆ ಓದಿದವರ ಮುಖಗಳನ್ನು ಒಂದೊಂದಾಗಿ ನೀರಿನಿಂದ ಎತ್ತಿ ದಾರಕ್ಕೆ ಸಿಕ್ಕಿಸುತ್ತಿದ್ದಳು. ಅಪ್ಪ ಫಿಲ್ಮನ್ನು ದೊಡ್ಡ ಡಬ್ಬದಲ್ಲಿ ತರಿಸುತ್ತಿದ್ದ. ಕತ್ತಲಲ್ಲಿ ಅದನ್ನು ತೋಳಿನಿಂದ ಅಳೆದು, ಕತ್ತರಿಸಿ, ಹಳೆಯ ಪುಟ್ಟ ಡಬ್ಬಿಗಳಿಗೆ ಸುತ್ತುವುದೂ ಅವಳ ಕೆಲಸವೇ. ಡಬ್ಬಿಗಳೆಲ್ಲ ಒಂದೇ ಥರ ಕಾಣುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಡಬ್ಬಿಯಿಂದ ಹೊರಗೆ ಚಾಚಿದ ಫಿಲ್ಮಿನ ತುದಿಗೆ ನಾವು ನಾಲಿಗೆ ಎನ್ನುತ್ತಿದ್ದೆವು. ನಾಲಿಗೆ ನೆಟ್ಟಗಿದ್ದರೆ ಹೊಸ ರೋಲು, ಮಡಚಿದ್ದರೆ ಬಳಸಿದ್ದು. ರೋಲು ಹಿಂದಕ್ಕೆ ಸುತ್ತಿದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ನಾಲಿಗೆ ಮಡಚಬೇಕು. ನಾನು ಆರು ವರ್ಷದವಳಿದ್ದಾಗ ಒಮ್ಮೆ ಆಟಕ್ಕೆ ಒಂದು ಹೊಸ ರೋಲಿನ ನಾಲಿಗೆ ಮಡಚಿದ್ದಕ್ಕೆ ಅಪ್ಪ ಹೊಡೆದ ಏಟು ಇನ್ನೂ ನೆನಪಿದೆ.

ಅಕ್ಕನಿಗೆ ಹತ್ತೊಂಬತ್ತು ತುಂಬಿದಾಗ ಕಲ್ಯಾಣದುರ್ಗದಿಂದ ಸಂಬಂಧ ಬಂತು. ಅಮ್ಮನ ಕಡೆಯ ದೂರದ ನೆಂಟರು. ಮೊದಲೇ ನೋಡಿದ ಹುಡುಗಿ ಎಂದು ಫೋಟೋ ಸಹ ಕೇಳಲಿಲ್ಲ. ಮದುವೆ ಗಂಡಿನ ಮನೆಯ ಮುಂದೆ, ಚಪ್ಪರದಲ್ಲಿ. ಬಟ್ಟೆ ಪಾತ್ರೆ ಜೋಡಿಸುವ ಗಲಾಟೆಯಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು. ಕಲ್ಯಾಣದುರ್ಗಕ್ಕೆ ರೈಲು ಇಲ್ಲವಂತೆ, ಹೌದೇನೇ ಎಂದು. ಭೂಗೋಳದ ಪುಸ್ತಕದ ನಕಾಶೆ ತೆಗೆದು ತೋರಿಸಿದೆ. ಹಳಿಯ ಕಪ್ಪು ಗೀರು ಆ ಊರಿನ ಹತ್ತಿರಕ್ಕೂ ಹೋಗಿರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಬಾಡಿಗೆ ವ್ಯಾನು ಬಾಗಿಲಿಗೆ ಬಂದು ನಿಂತಿತ್ತು. ನೆಂಟರೆಲ್ಲ ಹತ್ತಿ ಕೂತಿದ್ದರು. ಅಪ್ಪ ಇರಲಿಲ್ಲ. ಎರಡು ಎಂಜಿನ್ ಕಟ್ಟಿದ ಉದ್ದದ ಗೂಡ್ಸೊಂದು ಸಿಗ್ನಲ್ ಸಿಗದೆ ಗೇಟಿನ ಹತ್ತಿರ ನಿಂತಿದೆ ಎಂದು ಯಾರೋ ಹೇಳಿದ್ದೇ ತಡ, ಓಡಿದ್ದನಂತೆ. ದೊಡ್ಡ ಹಳಿಯ ಕೆಲಸ ನಡೆಯುತ್ತಿತ್ತು. ಇನ್ನು ಕೆಲವೇ ತಿಂಗಳಲ್ಲಿ ಈ ಪುಟ್ಟ ಗಾಡಿಗಳು ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಕರೆಯಲು ಹೋದೆ. ಖಾಲಿ ವ್ಯಾಗನ್ನುಗಳು, ಬಾಗಿಲು ತೆರೆದುಕೊಂಡು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಉಳಿದದ್ದು ಮುಗಿಸುವುದಲ್ಲ, ಅಂದು ಅವನು ಒಂದು ಹೊಸ ರೋಲನ್ನೇ ಹಾಕಿ ಮೂವತ್ತಾರನ್ನೂ ಆ ಗಾಡಿಗೆ ಸುರಿದಿದ್ದ. ವ್ಯಾನಿನವನು ಹಾರ್ನ್ ಒತ್ತುತ್ತಲೇ ಇದ್ದ. ಬರುತ್ತಾ ಬರುತ್ತಾ ರೋಲು ಹಿಂದಕ್ಕೆ ಸುತ್ತಿ, ಬಿಚ್ಚಿ, ಚೀಲಕ್ಕೆ ಹಾಕಿದ. ಜೀವಮಾನವಿಡೀ ಮಡಚಿದ ನಾಲಿಗೆಯನ್ನು ಆವತ್ತು ಮಡಚಲಿಲ್ಲ. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ನನ್ನ ಕಣ್ಣಿಗೂ ಬೀಳಲಿಲ್ಲ. ಸೋಮಂದೇಪಲ್ಲಿ ದಾಟಿ ಪೆನುಕೊಂಡದವರೆಗೆ ಹಳಿ ಆಗಾಗ ಕಾಣಿಸುತ್ತಿತ್ತು. ಆಮೇಲೆ ವ್ಯಾನು ಬೇರೆ ದಾರಿ ಹಿಡಿಯಿತು. ಕಿಟಕಿಯ ಪಕ್ಕ ಕೂತಿದ್ದ ಅಕ್ಕ ಸೆರಗು ಎಳೆದುಕೊಂಡು ಒಳಗೆ ತಿರುಗಿದಳು.

ಆ ರಾತ್ರಿ ಅಪ್ಪ ಒಂದು ರೋಲನ್ನು ಪೂರ್ತಿ ಗಂಡಿನ ಕಡೆಯವರಿಗೆ ಖರ್ಚು ಮಾಡಿದ. ಮಾವ, ಮಾವನ ಅಣ್ಣಂದಿರು, ಅವರ ಎತ್ತುಗಳು ಸಹ. ಚೀಲದಲ್ಲಿ ಉಳಿದವು ಎರಡು ರೋಲು, ಎರಡರ ನಾಲಿಗೆಯೂ ನೆಟ್ಟಗೆ. ಬೆಳಿಗ್ಗೆ ಧಾರೆಯ ಹೊತ್ತಿಗೆ ಪುರೋಹಿತರು ಹೆಣ್ಣಿನ ತಂದೆ ತಾಯಿ ಬರಬೇಕು ಎಂದರು. ಅಪ್ಪ ಚಿಕ್ಕಪ್ಪ ಚಿಕ್ಕಮ್ಮನನ್ನು ಮುಂದೆ ತಳ್ಳಿದ. ಫೋಟೋ ಯಾರು ತೆಗೆಯುತ್ತಾರೆ, ಮಗಳ ಮದುವೆಯನ್ನು ಇನ್ನೊಬ್ಬನ ಕೈಗೆ ಕೊಡಲೇ ಎಂದ. ಹೆತ್ತ ಅಮ್ಮ ಚಪ್ಪರದ ಕಂಬ ಹಿಡಿದು ನಿಂತಳು, ನೀರು ಎರೆದವಳು ಚಿಕ್ಕಮ್ಮ. ಅಪ್ಪ ಅಕ್ಕನನ್ನು ಆ ಕಡೆಯಿಂದ, ಈ ಕಡೆಯಿಂದ, ಮಂಡಿಯೂರಿ, ಕುರ್ಚಿ ಹತ್ತಿ ತೆಗೆದ. ಹುಟ್ಟಿದಾಗಿನಿಂದ ತೆಗೆಯದ್ದನ್ನೆಲ್ಲ ಒಂದೇ ಮುಹೂರ್ತದಲ್ಲಿ ತೀರಿಸುವವನ ಹಾಗೆ. ಅಕ್ಕ ತಲೆ ತಗ್ಗಿಸಬೇಕಾದ ಕಡೆ ಸಹ ತಲೆ ಎತ್ತಿ ಕ್ಯಾಮೆರಾವನ್ನೇ ನೋಡಿದಳು. ಮೂವತ್ತಾರು ಮುಗಿದವು. ಚೀಲದಲ್ಲಿ ಇನ್ನೊಂದು ರೋಲಿತ್ತು. ಸಾಕು, ದುಬಾರಿ ಮಾಲು ಎಂದು ಅದನ್ನು ಮುಟ್ಟದೆ ವಾಪಸ್ಸು ತಂದ. ಆ ರೋಲಿನಲ್ಲಿ ಆಮೇಲೆ ಯಾರ ಯಾರದೋ ಬಸ್ ಪಾಸು ಆಯಿತು.

ಅಕ್ಕನ ಸ್ಟೂಲಿನ ಮೇಲೆ ನಾನು ಕೂತದ್ದು ಮದುವೆಯ ಆ ರೋಲಿನಿಂದಲೇ. ಫಿಲ್ಮು ತೊಳೆದು ಬಲ್ಬಿಗೆ ಹಿಡಿದು ನೋಡಿದ ಅಪ್ಪ, ಒಂದು ಹಾಕಿ ನೋಡು ಎಂದ. ಕಾಗದವನ್ನು ಮೊದಲ ತಟ್ಟೆಗೆ ಬಿಟ್ಟು ಅಲುಗಿಸುತ್ತಾ ಕೂತೆ. ನೀರಿನಲ್ಲಿ ಕಪ್ಪು ಮೊದಲು ಮೂಡುತ್ತದೆ. ಮೊದಲು ಎರಡು ಗಾಲಿ ಬಂದವು. ಆಮೇಲೆ ವ್ಯಾಗನ್ನಿನ ಗೋಡೆ. ಆಮೇಲೆ ತೆರೆದ ಬಾಗಿಲ ಕತ್ತಲು. ತಪ್ಪು ಫಿಲ್ಮು ಹಾಕಿದೆ ಅಂದುಕೊಂಡು ತೆಗೆಯಲು ಹೋದರೆ, ಆ ಬಾಗಿಲ ಕತ್ತಲೊಳಗಿಂದ ಬಾಸಿಂಗ ಕಟ್ಟಿದ ಒಂದು ಹಣೆ, ಎರಡು ಕಣ್ಣು, ಮೂಗುತಿ ನಿಧಾನವಾಗಿ ಎದ್ದು ಬಂದವು. ನಾಲಿಗೆ ಮಡಚದ ಗೂಡ್ಸಿನ ರೋಲಿನ ಮೇಲೆಯೇ ಅಪ್ಪ ಮದುವೆಯನ್ನೂ ತೆಗೆದಿದ್ದ. ಮಿಕ್ಕ ಚಪ್ಪರ, ಭಾವ, ಪುರೋಹಿತರು ಎಲ್ಲ ಆವತ್ತಿನ ಬಿಸಿಲ ಆಕಾಶದಲ್ಲಿ ಬೆಳ್ಳಗೆ ಅಳಿಸಿಹೋಗಿದ್ದರು. ಎಲ್ಲೆಲ್ಲಿ ವ್ಯಾಗನ್ನು ಕಪ್ಪಾಗಿತ್ತೋ ಅಲ್ಲಿ ಮಾತ್ರ ಮದುವೆ ಉಳಿದಿತ್ತು: ಒಂದರಲ್ಲಿ ಅರ್ಧ ಕಳಶ, ಒಂದರಲ್ಲಿ ಯಾರದೋ ಮೊಣಕೈ. ಮೂವತ್ತಾರರಲ್ಲಿ ಅಕ್ಕನ ಮುಖ ಸಿಕ್ಕಿದ್ದು ಆ ಒಂದರಲ್ಲಿ. ಅಪ್ಪ ಬಹಳ ಹೊತ್ತು ತಟ್ಟೆಯ ಮೇಲೆ ಬಾಗಿ ನಿಂತಿದ್ದ. ಅಯ್ಯೋ ಅನ್ನುತ್ತಾನೆ, ನನ್ನ ಮಗಳು ಅನ್ನುತ್ತಾನೆ ಎಂದು ನಾನು ಕಾದೆ.

“ಗೂಡ್ಸು ಚೆನ್ನಾಗಿ ಬಂದೈತೆ,” ಎಂದ.

ಆ ಮಾತಿಗೆ ಇವತ್ತಿಗೂ ಕ್ಷಮೆ ಇಲ್ಲ.

ಕಲ್ಯಾಣದುರ್ಗಕ್ಕೆ ಅವರ ಎತ್ತುಗಳ ಫೋಟೋ ಹೋಯಿತು, ಮದುವೆಯದು ಹೋಗಲಿಲ್ಲ. ಫೋಟೋದವನ ಮಗಳಿಗೇ ಫೋಟೋ ಇಲ್ಲವಾ ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಆಡಿದರಂತೆ. ಆಷಾಢಕ್ಕೆ ಅಕ್ಕ ತವರಿಗೆ ಬಂದಳು. ಅಪ್ಪ ಬಚ್ಚಿಟ್ಟಿದ್ದ ಆ ಪ್ರಿಂಟನ್ನು ನಾನೇ ತೋರಿಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿದ್ದ ಅಪ್ಪನಿಗೆ ಕೇಳುವ ಹಾಗೆ, “ಇರ್ಲಿ ಬಿಡಪ್ಪಾ, ನಮ್ಮೂರಿಗೆ ರೈಲಿಲ್ಲ ಅಂತಿದ್ದೆ, ನೀನೇ ಕಳ್ಸಿದ್ಯಲ್ಲ” ಎಂದಳು. ಆ ಪ್ರಿಂಟನ್ನು ರವಿಕೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟುಕೊಂಡಳು. ಈ ಸಲ ಹೋಗುವುದರೊಳಗೆ ನಿನ್ನದು ಸರಿಯಾಗಿ ಒಂದು ತೆಗೆಯುತ್ತೇನೆ ಎಂದು ಅಪ್ಪ ಮಾತು ಕೊಟ್ಟ. ಒಂದು ತಿಂಗಳು ಪೂರ್ತಿ ಇದ್ದಳು. ಒಂದು ದಿನ ಬೆಳಕು ಸರಿಯಿಲ್ಲ, ಒಂದು ದಿನ ಕ್ಯಾಮೆರಾದಲ್ಲಿ ಗಿರಾಕಿಯ ರೋಲಿದೆ. ಹೊರಡುವ ಹಿಂದಿನ ದಿನ ಅಕ್ಕ ಮದುವೆಯ ಸೀರೆ ಉಟ್ಟು, ಕನಕಾಂಬರ ಮುಡಿದು, ತಾನೇ ಅಪ್ಪನ ಕೈ ಹಿಡಿದು ಗೇಟಿಗೆ ಕರೆದುಕೊಂಡು ಹೋದಳು. ರೋಲಿನಲ್ಲಿ ಒಂದೇ ಉಳಿದಿತ್ತು. ಅಕ್ಕ ಕಂಬದ ಪಕ್ಕ ನಿಂತು ಸೆರಗು ಸರಿಮಾಡಿಕೊಂಡಳು. ಅಪ್ಪ ಕ್ಯಾಮೆರಾ ಕಣ್ಣಿಗೆ ಹಿಡಿದ. ಆಗ ಗೂಡ್ಸು ಬಂತು. ಈ ವಾರವೇ ಕೊನೆ, ಇನ್ನು ಪುಟ್ಟ ಗಾಡಿ ಓಡುವುದಿಲ್ಲ ಎಂದು ಸಾಬರು ಬೆಳಿಗ್ಗೆಯಷ್ಟೇ ಹೇಳಿದ್ದರು. ಕ್ಯಾಮೆರಾ ಅಕ್ಕನಿಂದ ಹಳಿಯ ಕಡೆಗೆ ತಿರುಗಿದ್ದನ್ನು ನಾನು ನೋಡಿದೆ. ಟಿಕ್ ಅಂದದ್ದನ್ನು ಕೇಳಿದೆ.

“ನೀನು ದೀಪಾವಳಿಗೆ ಬತ್ತೀಯಲ್ಲಮ್ಮ,” ಎಂದ ಅಪ್ಪ.

ಅಕ್ಕ ಹೋಗುತ್ತಿದ್ದ ವ್ಯಾಗನ್ನುಗಳನ್ನು ಮೆಲ್ಲಗೆ ತೆಲುಗಿನಲ್ಲಿ ಎಣಿಸುತ್ತಾ ನಿಂತಳು. ಆ ದಿನ ನಾನು ಎಣಿಸಲಿಲ್ಲ.

ದೀಪಾವಳಿಗೆ ಇನ್ನೂ ಎಂಟು ದಿನವಿತ್ತು. ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರು ಸ್ಟುಡಿಯೋ ಹುಡುಕಿಕೊಂಡು ಬಂದು, ಮೀ ಅಮ್ಮಾಯಿಕಿ ಬಾಗಲೇದಂಟ ಎಂದ. ಚೆನ್ನಾಗಿಲ್ಲವಂತೆ ಎಂದನೇ ಹೊರತು ಇಲ್ಲ ಎನ್ನಲಿಲ್ಲ; ಅವನ ಮುಖ ನೋಡಿ ಅಮ್ಮ ಅಲ್ಲೇ ಕುಸಿದಳು. ಕಾಮಾಲೆ. ಹದಿನೈದು ದಿನ ಸೊಪ್ಪಿನ ಔಷಧಿ ಕುಡಿಸಿ, ಕಣ್ಣು ಅರಿಶಿನವಾದ ಮೇಲೂ ಪಥ್ಯ ಹೇಳಿ, ಆಸ್ಪತ್ರೆಗೆ ಗಾಡಿ ಕಟ್ಟುವ ಹೊತ್ತಿಗೆ ಮುಗಿದಿತ್ತು. ನಮಗೆ ಒಂದು ಮಾತು ತಿಳಿಸಿರಲಿಲ್ಲ. ಆ ಸಿಟ್ಟೂ ಇದೆ, ಆದರೆ ಅವರು ನನ್ನವರಲ್ಲ. ನಾವು ಹೋಗುವ ಹೊತ್ತಿಗೆ ಅಕ್ಕನನ್ನು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಾರ ಹಾಕಿದ್ದರು. ಅಪ್ಪನ ಹೆಗಲಲ್ಲಿ ಕ್ಯಾಮೆರಾ ಚೀಲವಿತ್ತು. ಯಾವಾಗಲೂ ಇರುತ್ತಿತ್ತು. ಅವಳ ಮಾವ ಹತ್ತಿರ ಬಂದು, ಮದುವೆಯದಂತೂ ಇಲ್ಲ, ಇದೊಂದಾದರೂ ತೆಗೀರಪ್ಪ ಎಂದರು. ಅಪ್ಪ ಚೀಲದ ಗುಂಡಿ ಬಿಚ್ಚಿದ. ಕ್ಯಾಮೆರಾ ತೆಗೆದ. ಕಣ್ಣಿಗೆ ಎತ್ತಲಾಗದೆ ಎದೆಯ ಹತ್ತಿರ ಹಿಡಿದುಕೊಂಡು ನಿಂತ. ಊರಿಗೂರೇ ನೋಡುತ್ತಿತ್ತು. ನನಗೆ ಆಗ ಹದಿಮೂರೂ ತುಂಬಿರಲಿಲ್ಲ.

“ನಿಧಾನಕ್ಕೆ ತೆಗಿ ಅಪ್ಪಾ,” ಎಂದೆ. “ಅಕ್ಕ ಇನ್ನ ಎಲ್ಲಿಗೂ ಹೋಗಾಕಿಲ್ಲ.”

ಯಾರೋ ಹೆಂಗಸು ನನ್ನ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡು ಹೋದಳು. ಅಪ್ಪ ತೆಗೆಯಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿದರು. ಊರಿನ ಅಷ್ಟು ಹೆಣಗಳ ಫೋಟೋ ತೆಗೆದ ಕೈ ಆವತ್ತು ಏಳಲಿಲ್ಲ ಎಂದು ಜನ ಮರುಗಿದರು. ನಾನು ಮರುಗಲಿಲ್ಲ. ಏಳಬೇಕಾದಾಗ ಏಳದ ಕೈ ಅದು.

ಅವರು ವಾಪಸ್ಸು ಕಳಿಸಿದ ಪೆಟ್ಟಿಗೆಯ ತಳದಲ್ಲಿ ರವಿಕೆ ಬಟ್ಟೆಯೊಳಗೆ ಆ ಪ್ರಿಂಟು ಹಾಗೇ ಇತ್ತು. ತೆಗೆದು ನನ್ನ ಪುಸ್ತಕದಲ್ಲಿಟ್ಟುಕೊಂಡೆ. ನೆಗೆಟಿವ್ ಹುಡುಕಿದೆ, ಸಿಗಲಿಲ್ಲ. ನಾಚಿಕೆಗೆ ಅಪ್ಪ ಸುಟ್ಟಿದ್ದನಂತೆ. ಆಮೇಲೆ ದೊಡ್ಡ ಹಳಿ ಬಂತು, ಡೀಸೆಲ್ ಬಂತು, ಗೇಟಿನಲ್ಲಿ ನಿಲ್ಲದೆ ಹೋಗುವ ಗೂಡ್ಸುಗಳು ಬಂದವು. ಅಪ್ಪ ಗೇಟಿಗೆ ಹೋಗುವುದನ್ನು ಬಿಟ್ಟ. ರೋಲಿನಲ್ಲಿ ಉಳಿದದ್ದನ್ನು ಖಾಲಿ ಗೋಡೆಗೆ ಹಿಡಿದು ಮುಗಿಸುತ್ತಿದ್ದ. ಅಕ್ಕನ ಹೆಸರನ್ನು ಅವನ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ನನ್ನನ್ನು ಇದೇ ಊರಿಗೆ ಕೊಟ್ಟರು. ಹಳಿಯ ಆಚೆ ಬದಿಗೆ ನನ್ನ ಮನೆ. ತೊಂಬತ್ತರ ದಶಕದಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಸ್ಟುಡಿಯೋ ಮುಚ್ಚಿದ. ಒಂದು ಮಧ್ಯಾಹ್ನ ಊಟ ಕೊಡಲು ಹೋದಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ:

“ಜಯಾ, ಆ ಗೂಡ್ಸಿನ ಫೋಟೋ ಒಂದೈತಲ್ಲ, ಬಾಗ್ಲು ತೆಗ್ದಿರೋದು. ಕಣ್ಣು ಪೂರ್ತಿ ಹೋಗಕ್ ಮುಂಚೆ ಒಂದ್ಕಿತ ತೋರ್ಸಮ್ಮ.”

ಆಗಲೂ ಗೂಡ್ಸು. ನನ್ನ ತಲೆಗೆ ರಕ್ತ ಏರಿತು. “ಯಾವ ಗೂಡ್ಸು? ಅಟ್ಟದ ಮ್ಯಾಲೆ ಸಾವ್ರ ಅವೆ, ನೋಡ್ಕೋ” ಎಂದು ತಟ್ಟೆ ಇಟ್ಟು ಬಂದುಬಿಟ್ಟೆ. ಅವನು ಮತ್ತೆ ಕೇಳಲಿಲ್ಲ. ಆ ಚಳಿಗಾಲ ದಾಟಲಿಲ್ಲ. ಅವನಿಗೆ ಅಕ್ಕನ ಹೆಸರು ಹೇಳುವ ಶಕ್ತಿ ಇರಲಿಲ್ಲ ಕಣೇ, ಅದಕ್ಕೇ ಹಾಗೆ ಕೇಳಿದ ಎಂದು ಅಮ್ಮ ತಾನು ಇರುವವರೆಗೂ ಹೇಳಿದಳು. ಇರಬಹುದು. ನಾನೂ ಅದನ್ನು ಒಪ್ಪಿದ್ದೇನೆ. ಆದರೂ ಹೇಳಬೇಕಿತ್ತು. ಸರೋಜ ಎಂದರೆ ಮೂರೇ ಅಕ್ಷರ.

ಈಗ ಕಲ್ಯಾಣದುರ್ಗಕ್ಕೂ ಹಳಿ ಬಂದಿದೆಯಂತೆ. ನಾನು ನೋಡಲು ಹೋಗಿಲ್ಲ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಎಲ್ಲರ ಮನೆಯ ಹಾಗೆ ನನ್ನ ಮನೆಯಲ್ಲೂ ತೀರಿಕೊಂಡವರ ಫೋಟೋ ಒರೆಸಿ, ಹೊಸ ಬಟ್ಟೆ ಇಟ್ಟು, ಎಡೆ ಹಾಕುತ್ತೇವೆ. ಅಕ್ಕನಿಗೆ ಕುಂಕುಮ ಇಡಬೇಕೆಂದರೆ ವ್ಯಾಗನ್ನಿನ ಬಾಗಿಲಿಗೇ ಇಡಬೇಕು. ಹೊಸದಾಗಿ ಮನೆಗೆ ಬಂದವರು ಇದೇನು, ರೈಲಿಗೆ ಪೂಜೆಯಾ ಎನ್ನುತ್ತಾರೆ. ಹತ್ತಿರ ಬಂದು ನೋಡಿ ಕೈ ಮುಗಿಯುತ್ತಾರೆ. ಎಲ್ಲರ ಫೋಟೋಗಳನ್ನೂ ಗೋಡೆಗೆ ಒರಗಿಸಿ ಒಂದೇ ಸಾಲಿನಲ್ಲಿ ಇಡುವುದು ಪದ್ಧತಿ. ಅಪ್ಪನದನ್ನು ಮಾತ್ರ ನಾನು ಆ ಸಾಲಿನಲ್ಲಿ ಇಡುವುದಿಲ್ಲ. ಅಕ್ಕನ ಎದುರಿಗೆ, ಗೇಣಿನ ದೂರದಲ್ಲಿ, ಅವಳ ಕಡೆ ಮುಖ ಮಾಡಿ ಇಡುತ್ತೇನೆ. ಶಿಕ್ಷೆಗೋ, ಕರುಣೆಗೋ, ನನ್ನನ್ನು ಕೇಳಬೇಡಿ. ಮನೆಯ ಹಿಂದಿನ ಹಳಿಯ ಮೇಲೆ ಗೂಡ್ಸು ಹೋಗುವಾಗ ಎರಡೂ ಫೋಟೋಗಳ ಗಾಜುಗಳು ಒಟ್ಟಿಗೆ ಅದುರುತ್ತವೆ. ಕಡೆಯ ಡಬ್ಬಿ ದಾಟುವವರೆಗೆ ನಾನು ಎಡೆಯ ಮುಂದೆ ಕೂತು ತೆಲುಗಿನಲ್ಲಿ ಎಣಿಸುತ್ತೇನೆ. ಅಷ್ಟು ಹೊತ್ತೂ ಅವನು ಅವಳನ್ನು ನೋಡುತ್ತಿರುತ್ತಾನೆ. ನೋಡಲಿ.